ಬ್ರೇಕ್ ಒತ್ತಿದರೆ ಪೆಡಲ್ ಕಾಲಿಗೆ ಬಡಿಯುತ್ತದೆ, ಸ್ಟೀರಿಂಗ್ ಅದುರುತ್ತದೆ. ಡಿಸ್ಕ್ ಬದಲಿಸಲೇಬೇಕಾ?

ಈಗಲೇ ಬದಲಿಸಬೇಡಿ. ಮೊದಲು ಅಳತೆ ಮಾಡಿಸಿ.

ನೀವು ಬರೆದಿರುವುದಿಷ್ಟು: ಮನೆ ಕುಂಬಳೆಯಲ್ಲಿ, ಕೆಲಸ ಗಲ್ಫಿನಲ್ಲಿ. ಕಾರು ಮಳೆಗಾಲವಿಡೀ ಅಂಗಳದಲ್ಲೇ ನಿಂತಿತ್ತು. ರಜೆಗೆ ಬಂದು ಹೈವೇಗೆ ಇಳಿಸಿದರೆ 70-80ರ ಸ್ಪೀಡಿನಲ್ಲಿ ಬ್ರೇಕ್ ಒತ್ತಿದಾಗ ಪೆಡಲ್ ತಕತಕ ಬಡಿಯುತ್ತದೆ, ಸ್ಟೀರಿಂಗೂ ನಡುಗುತ್ತದೆ. ಮುಂದೆ ಡಿಸ್ಕ್, ಹಿಂದೆ ಡ್ರಮ್. 'ಡಿಸ್ಕ್ ಬೆಂಡ್ ಆಗಿದೆ, ಎರಡೂ ಬದಲಿಸಿ' ಎಂದು ಮೆಕ್ಯಾನಿಕ್ ಹೇಳಿದ್ದಾರೆ.

ನಾನು ಬದಿಯಡ್ಕ ಕಡೆ ಸಣ್ಣ ವರ್ಕ್‌ಶಾಪ್ ನಡೆಸುತ್ತೇನೆ. ಮಳೆ ಬಿಟ್ಟ ಮೇಲೆ ಇದೇ ದೂರು ಹೊತ್ತ ಗಾಡಿಗಳು ಬರುವುದು ನಮಗೆ ಮಾಮೂಲು.

ನಿಂತಲ್ಲೇ ನಿಂತ ಕಾರಿನ ಡಿಸ್ಕ್ ಬೆಂಡ್ ಆಗುವುದಿಲ್ಲ. ಅದರ ದಪ್ಪದಲ್ಲಿ ಏರುಪೇರಾಗುತ್ತದೆ, ಅಷ್ಟೇ. ಡಿಸ್ಕ್ ಅಂದರೆ ಚಕ್ರದ ಜೊತೆ ತಿರುಗುವ ತಟ್ಟೆ, ಬ್ರೇಕ್ ಒತ್ತಿದಾಗ ಅದನ್ನು ಎರಡೂ ಕಡೆಯಿಂದ ಹಿಡಿಯುವುದು ಪ್ಯಾಡ್. ಪ್ಯಾಡ್ ಅಂಟಿಕೊಂಡಿದ್ದ ಜಾಗ ಒಂದು ರೀತಿ, ಉಳಿದ ಜಾಗ ಇನ್ನೊಂದು ರೀತಿ ತುಕ್ಕು ಹಿಡಿದಿರುತ್ತದೆ. ವೀಲ್ ಬಿಚ್ಚಿ ನೋಡಿ, ಡಿಸ್ಕಿನ ಮೇಲೆ ಪ್ಯಾಡಿನ ಆಕಾರದ್ದೇ ಅಚ್ಚು ಕಾಣಬಹುದು. ಚಕ್ರ ತಿರುಗುವಾಗ ದಪ್ಪ ಜಾಗ ಪ್ಯಾಡ್‌ಗಳ ನಡುವೆ ಬಂದಾಗೆಲ್ಲ ಕ್ಯಾಲಿಪರ್ (ಪ್ಯಾಡ್‌ಗಳನ್ನು ಹಿಡಿದು ಒತ್ತುವ ಭಾಗ) ಒಳಗಿನ ಪಿಸ್ಟನ್ ಹಿಂದೆ ಸರಿಯುತ್ತದೆ, ಬ್ರೇಕ್ ಆಯಿಲ್ ವಾಪಸ್ ತಳ್ಳುತ್ತದೆ, ಅದೇ ನಿಮ್ಮ ಕಾಲಿಗೆ ಬಡಿಯುವುದು. 0.02 ಮಿಲಿಮೀಟರ್ ವ್ಯತ್ಯಾಸ ಇದ್ದರೂ ಸಾಕು, ತಲೆಕೂದಲಿಗಿಂತ ತೆಳು. ಹಾಗಾಗಿ ಕಣ್ಣಲ್ಲಿ ನೋಡಿ 'ಬೆಂಡ್' ಅನ್ನುವವರ ಮಾತು ನಂಬಬೇಡಿ.

ಮೊದಲು ತೊಂದರೆ ಮುಂದೆಯೋ ಹಿಂದೆಯೋ ತಿಳಿಯಬೇಕು. ಸ್ಟೀರಿಂಗ್ ನಡುಗಿದರೆ ಹೆಚ್ಚಾಗಿ ಮುಂದಿನದು. ಸೀಟು, ಪೆಡಲ್ ಮಾತ್ರ ಅದುರಿದರೆ ಹಿಂದಿನ ಡ್ರಮ್ ಮೇಲೂ ಅನುಮಾನ ಪಡಬೇಕು. ಮಳೆಯಿಲ್ಲದ ಹೊತ್ತಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ 40ರಲ್ಲಿ ಹೋಗುತ್ತಾ, ಹ್ಯಾಂಡ್ ಬ್ರೇಕಿನ ಬಟನ್ ಒತ್ತಿ ಹಿಡಿದೇ ಲಿವರನ್ನು ಮೆಲ್ಲಗೆ ಎಳೆಯಿರಿ. ಆಗಲೂ ಗಾಡಿ ಕುಲುಕಿದರೆ ಡ್ರಮ್ ನೋಡಿಸಿ. ಬ್ರೇಕ್ ಮುಟ್ಟದೆಯೂ ನಡುಗುತ್ತದೆ ಎಂದಾದರೆ ವೀಲ್ ಬ್ಯಾಲೆನ್ಸಿಂಗ್, ಟಯರ್ ಕಡೆ ಹೋಗಿ. ಜಲ್ಲಿ ಮೇಲೋ ಒದ್ದೆ ರಸ್ತೆಯಲ್ಲೋ ಜೋರಾಗಿ ಒತ್ತಿದಾಗ ಮಾತ್ರ ಗರಗರ ಸದ್ದಿನ ಜೊತೆ ಬಡಿದರೆ ಅದು ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಅದರ ಕೆಲಸವೇ ಅದು.

ಈಗ ಮುಖ್ಯ ವಿಷಯ. ಇಲ್ಲಿ ಹೆಚ್ಚಿನವರು ಬಿಟ್ಟುಬಿಡುವುದು ಹಬ್, ಅಂದರೆ ಡಿಸ್ಕ್, ಚಕ್ರ ಕೂರುವ ನಡುಭಾಗ. ನಮ್ಮದು ಕಡಲ ತೀರ, ಉಪ್ಪುಗಾಳಿ. ಕ್ಯಾಲಿಪರ್ ಬಿಚ್ಚಿ (ಅದನ್ನು ಹೋಸ್ ಮೇಲೆ ನೇತಾಡಲು ಬಿಡಬಾರದು, ತಂತಿಯಲ್ಲಿ ಕಟ್ಟಬೇಕು) ಡಿಸ್ಕ್ ತೆಗೆದರೆ ಹಬ್ಬಿನ ಮುಖದಲ್ಲಿ ತುಕ್ಕು ಚಕ್ಕೆ ಚಕ್ಕೆಯಾಗಿ ಕೂತಿರುತ್ತದೆ. ಉಗುರಿನಲ್ಲಿ ಕೆರೆದರೆ ಕಂದು ಪುಡಿ ಉದುರುತ್ತದೆ. ಅದರ ಮೇಲೆ ಡಿಸ್ಕ್ ಕೂತರೆ ಸ್ವಲ್ಪ ಓರೆಯಾಗುತ್ತದೆ, ಅಂಚಿಗೆ ಬರುವಾಗ ಆ ಓರೆ ಇನ್ನೂ ಜಾಸ್ತಿ. ಹಾಗೆ ಓಡಿಸಿದರೆ ಪ್ಯಾಡ್ ಒಂದೇ ಜಾಗಕ್ಕೆ ತಾಗಿ ತಾಗಿ ಅಲ್ಲಿ ಡಿಸ್ಕ್ ತೆಳುವಾಗುತ್ತದೆ. ಅಂದರೆ ಹಬ್ ತಿಕ್ಕದೆ ಹೊಸ ಡಿಸ್ಕ್ ಹಾಕಿಸಿದರೂ ಕೆಲವು ಸಾವಿರ ಕಿಲೋಮೀಟರ್ ಆಗುವಷ್ಟರಲ್ಲಿ ಮತ್ತೆ ಅದೇ ಕತೆ.

ತಂತಿ ಬ್ರಷ್, ಉಪ್ಪುಕಾಗದ ಹಿಡಿದು ಹಬ್ ಹೊಳೆಯುವವರೆಗೆ ತಿಕ್ಕಿಸಿ. ಡಿಸ್ಕಿನ ಒಳಮುಖವನ್ನೂ ತಿಕ್ಕಿಸಿ. ಆಮೇಲೆ ಡಿಸ್ಕ್ ಕೂರಿಸಿ ವಾಷರ್ ಇಟ್ಟು ಎಲ್ಲ ನಟ್ ಬಿಗಿದು, ಅಂಚಿನಿಂದ 10 ಮಿಲಿಮೀಟರ್ ಒಳಗೆ ಡಯಲ್ ಗೇಜ್ (ಓರೆ ಅಳೆಯುವ ಮುಳ್ಳಿನ ಮೀಟರ್) ಇಟ್ಟು ಒಂದು ಸುತ್ತು ತಿರುಗಿಸಬೇಕು. ಓರೆ ಸಾಮಾನ್ಯವಾಗಿ 0.05 ಮಿಲಿಮೀಟರ್ ಒಳಗಿದ್ದರೆ ಸರಿ, ನಿಮ್ಮ ಕಾರಿನ ಲಿಮಿಟ್ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ. ಜಾಸ್ತಿ ಬಂದರೆ ಡಿಸ್ಕನ್ನು ಒಂದು ತೂತಿನಷ್ಟು ತಿರುಗಿಸಿ ಕೂರಿಸಿ ಮತ್ತೆ ನೋಡಲಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ದಪ್ಪ ಅಳೆಯಲು ಮೈಕ್ರೋಮೀಟರೇ ಬೇಕು. ವರ್ನಿಯರ್ ಡಿಸ್ಕಿನ ಅಂಚಿನಲ್ಲಿ ಉಳಿದ ದಂಡೆಗೆ ತಾಗಿ ಸುಳ್ಳು ಲೆಕ್ಕ ಕೊಡುತ್ತದೆ. ಸುತ್ತಲೂ ಎಂಟು ಕಡೆ ಅಳೆಸಿ, ಬರೆದಿಡಿ. ಎಲ್ಲಿವರೆಗೆ ಸವೆಯಬಹುದು ಎಂಬುದು ಸಾಮಾನ್ಯವಾಗಿ ಡಿಸ್ಕಿನ ಮೇಲೇ ಕೊರೆದಿರುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಮಾತೇ ಇಲ್ಲ, ಎರಡೂ ಬದಿಯದ್ದನ್ನು ಪ್ಯಾಡ್ ಸಮೇತ ಬದಲಿಸಿ. ದಪ್ಪ ಇದೆ, ಆದರೆ ಏರುಪೇರಿದೆ ಎಂದಾದರೆ ಲೇತ್‌ಗೆ ಕೊಟ್ಟು ಕೆರೆಸಿ ಸಮ ಮಾಡಿಸಬಹುದು. ನನ್ನನ್ನು ಕೇಳಿದರೆ ಸಣ್ಣ ಕಾರಿಗೆ ಬೇಡ. ಲೇತ್‌ನಲ್ಲಿ ಸರಿಯಾಗಿ ಕೂರಿಸದಿದ್ದರೆ ಇದ್ದ ಓರೆಗೆ ಇನ್ನೊಂದು ಓರೆ ಸೇರುತ್ತದೆ.

ಕ್ಯಾಲಿಪರಿನ ಸ್ಲೈಡ್ ಪಿನ್ ಕೈಯಲ್ಲಿ ಸಲೀಸಾಗಿ ಜಾರಬೇಕು. ಬಿಗಿಯಾಗಿದ್ದರೆ ತೊಳೆದು ಬ್ರೇಕಿಗೆಂದೇ ಬರುವ ಗ್ರೀಸ್ ಹಚ್ಚಿಸಿ. ಮತ್ತೆ ವೀಲ್ ನಟ್. ಗಾಳಿ ಗನ್ನಿನಲ್ಲಿ ಟರ್ರೆಂದು ಬಿಗಿದರೆ ಒಂದೊಂದು ನಟ್ ಒಂದೊಂದು ಬಿಗಿ, ಅದೂ ಡಿಸ್ಕನ್ನು ಓರೆ ಮಾಡುತ್ತದೆ. ಟಾರ್ಕ್ ರೆಂಚ್ ಹಾಕಿ ಎದುರುಬದುರಾಗಿ ಬಿಗಿಯಲಿ. ಸಣ್ಣ ಕಾರುಗಳಿಗೆ ಸುಮಾರು 85ರಿಂದ 110 ನ್ಯೂಟನ್ ಮೀಟರ್, ಸರಿಯಾದ ಅಂಕಿ ನಿಮ್ಮ ಓನರ್ಸ್ ಮ್ಯಾನುಯಲ್‌ನಲ್ಲಿದೆ.

ಹೊಸ ಪ್ಯಾಡ್, ಡಿಸ್ಕ್ ಹಾಕಿಸಿದರೆ ಖಾಲಿ ರಸ್ತೆಯಲ್ಲಿ 60ರಿಂದ 15ರವರೆಗೆ ಹದವಾಗಿ ಬ್ರೇಕ್ ಹಿಡಿದು ಬಿಡಿ, ಎಂಟು-ಹತ್ತು ಸಲ, ನಡುವೆ ಗಾಡಿ ಓಡಿ ತಣಿಯಲಿ. ಬಿಸಿ ಇರುವಾಗ ಪೂರ್ತಿ ನಿಲ್ಲಿಸಿ ಪೆಡಲ್ ಒತ್ತಿ ಹಿಡಿಯಬೇಡಿ, ಪ್ಯಾಡಿನ ಮಸಿ ಒಂದೇ ಕಡೆ ಅಂಟುತ್ತದೆ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಜಾಲ್ಸೂರು ಮೇಲೆ ಊರಿಗೆ ಬರುವವರಿಗೂ ಇದೇ ಮಾತು. ಇಳಿಜಾರಿನಲ್ಲಿ ಸೆಕೆಂಡ್ ಗೇರ್ ಹಾಕಿ, ಇಂಜಿನ್ನೇ ಹಿಡಿಯುತ್ತದೆ.

ಮುಂದಿನ ಸಲ ಗಲ್ಫಿಗೆ ಹೋಗುವಾಗ ಹ್ಯಾಂಡ್ ಬ್ರೇಕ್ ಎಳೆದಿಡಬೇಡಿ, ಹಿಂದಿನ ಲೈನರ್ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಸಮತಟ್ಟು ಜಾಗದಲ್ಲಿ ಗೇರ್‌ನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ತಮ್ಮನೋ ಭಾವನೋ ಮನೆಯಲ್ಲಿದ್ದರೆ ವಾರಕ್ಕೊಮ್ಮೆ ಸೀತಾಂಗೋಳಿವರೆಗೆ ಓಡಿಸಿ ಬರಲಿ. ಸುಮ್ನೆ ಅಂಗಳದಲ್ಲಿ ಸ್ಟಾರ್ಟ್ ಮಾಡಿಟ್ಟರೆ ಬ್ಯಾಟರಿಗೆ ಏನೋ ಸ್ವಲ್ಪ ಪ್ರಯೋಜನ, ಬ್ರೇಕಿಗೆ ಏನೂ ಇಲ್ಲ.