ಗೆಳೆಯ ಬಿದ್ದಾಗ ಕಾರು ತಲಪಾಡಿಗೆ ತಿರುಗಿಸಬೇಡಿ

ಪ್ರಶ್ನೆ: ನನಗೆ 24 ವರ್ಷ. ಊರು ಬದಿಯಡ್ಕದ ಹತ್ತಿರ, ಕೆಲಸ ಮಂಗಳೂರಿನಲ್ಲಿ. ಶನಿವಾರ ರಾತ್ರಿ ನಾವು ನಾಲ್ಕೈದು ಜನ ಪಬ್ಬಿಗೆ ಹೋಗುವುದುಂಟು. ಕಳೆದ ತಿಂಗಳು ಒಬ್ಬ ಗೆಳೆಯ ಕುಡಿದದ್ದರ ಮೇಲೆ ಯಾರೋ ಕೊಟ್ಟ ಎಂಡಿಎಂಎ ಎಂಬ ಮಾದಕ ಪುಡಿಯನ್ನೂ ತೆಗೆದುಕೊಂಡ. ಗಂಟೆಗಟ್ಟಲೆ ಕುಣಿದ. ಆಮೇಲೆ ಹಲ್ಲು ಕಡಿಯತೊಡಗಿದ, ಮೈ ಸುಡುತ್ತಿತ್ತು, ಕೊನೆಗೆ ಕರೆದರೆ ಮಾತಿಲ್ಲ. ಲಿಂಬೆ ನೀರು ಕುಡಿಸಿ, ಕಾರಿನ ಹಿಂದಿನ ಸೀಟಿನಲ್ಲಿ ಅಂಗಾತ ಮಲಗಿಸಿ ಊರಿಗೆ ಕರೆತಂದೆವು. ದಾರಿಯುದ್ದಕ್ಕೂ ಗೊರಕೆ ಹೊಡೆಯುತ್ತಿದ್ದ. ಬೆಳಿಗ್ಗೆ ಎದ್ದ. ಆಸ್ಪತ್ರೆಗೆ ಹೋಗಿದ್ದರೆ ಪೊಲೀಸ್ ಕೇಸಾಗುತ್ತಿತ್ತಲ್ಲ? ನಾವು ಮಾಡಿದ್ದು ಸರಿಯೇ?

ಉತ್ತರ: ಸರಿಯಲ್ಲ. ಅವನು ಎದ್ದದ್ದು ಅವನ ಅದೃಷ್ಟ.

ಆ ಗೊರಕೆಯಿಂದಲೇ ಶುರು ಮಾಡುತ್ತೇನೆ. ಎಬ್ಬಿಸಿದರೂ ಏಳದವನ ಗಂಟಲಿನಿಂದ ಗೊರಗೊರ ಸದ್ದು ಬಂದರೆ ಅದನ್ನು ನಿದ್ದೆ ಎಂದುಕೊಳ್ಳಬೇಡಿ. ನಾಲಿಗೆ ಹಿಂದೆ ಜಾರಿ ಉಸಿರಿನ ದಾರಿ ಅರ್ಧ ಮುಚ್ಚಿರಬಹುದು. ಅಂಗಾತ ಮಲಗಿದವನು ವಾಂತಿ ಮಾಡಿಕೊಂಡರೆ ಅದು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಪಕ್ಕಕ್ಕೆ ಹೊರಳಿಸಿ, ಮೇಲಿನ ಮೊಣಕಾಲು ಮಡಚಿ ಮುಂದಕ್ಕೆ ಊರಿಸಿ, ಬಾಯಿ ನೆಲದ ಕಡೆ ಇರುವಂತೆ ತಲೆ ಇಡಿ. ಪ್ರಜ್ಞೆ ಸರಿಯಿಲ್ಲದವನ ಬಾಯಿಗೆ ಲಿಂಬೆ ನೀರಿರಲಿ, ಕಾಫಿಯಿರಲಿ, ಏನೂ ಹಾಕಬೇಡಿ.

ಮೈ ಸುಡುತ್ತಿದ್ದದ್ದು ಇನ್ನೂ ದೊಡ್ಡ ಸೂಚನೆ. ಎಂಡಿಎಂಎ ದೇಹದ ಉಷ್ಣತೆ ಏರಿಸುತ್ತದೆ. ಇಕ್ಕಟ್ಟಿನಲ್ಲಿ ಬೆವರಿ ಕುಣಿದರೆ ಅದು ಮತ್ತಷ್ಟು ಏರಿ ಸ್ನಾಯು, ಮೂತ್ರಪಿಂಡ ಕೆಡಬಹುದು. ಹಾಗೆಂದು ಚೊಂಬುಗಟ್ಟಲೆ ನೀರು ಕುಡಿದರೂ ಅಪಾಯವೇ. ಈ ಪುಡಿ ದೇಹದೊಳಗೆ ನೀರನ್ನು ಹಿಡಿದಿಡುವುದರಿಂದ ರಕ್ತದ ಸೋಡಿಯಂ ಇಳಿದು ಫಿಟ್ಸ್ ಬರಬಹುದು. ಇನ್ನೊಂದು ಮೋಸ ಏನೆಂದರೆ, ಪುಡಿಯ ಚುರುಕಿನಲ್ಲಿ ಕುಡಿದದ್ದರ ಅಮಲು ಗೊತ್ತಾಗುವುದಿಲ್ಲ, ಕೈ ಮತ್ತೆ ಗ್ಲಾಸಿಗೇ ಹೋಗುತ್ತದೆ. ಎಂಡಿಎಂಎ ಎಂದು ಕೊಟ್ಟದ್ದು ಮೆತಾಂಫೆಟಮಿನ್ ಎಂಬ ಬೇರೆಯೇ ಮಾದಕ ವಸ್ತು ಆಗಿರಲೂಬಹುದು. ಕಣ್ಣಿಂದ ನೋಡಿ ಹೇಳಲು ನನ್ನಿಂದಲೂ ಆಗದು.

ಈಗ ನಿಮ್ಮ ದಾರಿ. 2020ರ ಲಾಕ್‌ಡೌನಿನಲ್ಲಿ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗೆ ದಾರಿ ಬಿಡಿ ಎಂದು ಕೋರ್ಟಿನವರೆಗೆ ಹೋದ ಕಾಸರಗೋಡು ಜಿಲ್ಲೆ ನಮ್ಮದು. ನೀವು ಆ ಆಸ್ಪತ್ರೆಗಳ ಎದುರಿಂದಲೇ, ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳಿಗೆ ತಿರುಗುವ ತೊಕ್ಕೊಟ್ಟನ್ನೂ ದಾಟಿ, ಏಳದವನನ್ನು ಊರಿಗೆ ಸಾಗಿಸಿದಿರಿ! 108 ಆಂಬುಲೆನ್ಸ್ ಗಡಿಯ ಎರಡೂ ಕಡೆ ಸಿಗುತ್ತದೆ. ಡಾಕ್ಟರರಿಗೆ ಏನು ತೆಗೆದುಕೊಂಡ, ಎಷ್ಟು ಹೊತ್ತಿಗೆ ತೆಗೆದುಕೊಂಡ ಎಂದು ಮುಚ್ಚುಮರೆಯಿಲ್ಲದೆ ಹೇಳಿ.

ಠಾಣೆಗೆ ಸುದ್ದಿ ಹೋಗುವುದೇ ಇಲ್ಲ ಎಂದು ನಾನು ಮಾತು ಕೊಡಲಾರೆ. ಆದರೆ 1985ರ ಎನ್‌ಡಿಪಿಎಸ್ ಎಂಬ ಮಾದಕ ವಸ್ತು ತಡೆ ಕಾಯ್ದೆಯಲ್ಲಿ 64ಎ ಎಂಬ ಕಲಮು ಇದೆ. ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಬಂದ ವ್ಯಸನಿ ತಾನಾಗಿಯೇ ಮಾನ್ಯತೆಯುಳ್ಳ ಕೇಂದ್ರದಲ್ಲಿ ಚಿಕಿತ್ಸೆಗೆ ಒಳಗಾದರೆ ಆ ಮೊಕದ್ದಮೆಯಿಂದ ರಕ್ಷಣೆಯಿದೆ. ಎಂಡಿಎಂಎಗೆ ಅಲ್ಪ ಪ್ರಮಾಣ ಅಂದರೆ ಅರ್ಧ ಗ್ರಾಂಗಿಂತ ಕಡಿಮೆ. ‘ಎಲ್ಲರ ಪಾಲೂ ನನ್ನ ಹತ್ತಿರ ಇರಲಿ’ ಎಂದು ಜೇಬಿಗೆ ಹಾಕಿಕೊಳ್ಳುವವನು ಈ ಲೆಕ್ಕ ತಿಳಿದಿರುವುದು ಒಳ್ಳೆಯದು. 10 ಗ್ರಾಂ ದಾಟಿದರೆ ಕಡಿಮೆಯೆಂದರೂ ಹತ್ತು ವರ್ಷ ಜೈಲು.

ಅಂದ ಹಾಗೆ, ಕಾರು ಓಡಿಸಿದವರು ಯಾರು? ನೀವು ಬರೆದಿಲ್ಲ. 30 ಎಂಎಲ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್, ಅದನ್ನು ಕರಗಿಸಲು ಯಕೃತ್ತಿಗೆ ಹೆಚ್ಚುಕಡಿಮೆ ಒಂದು ಗಂಟೆ ಬೇಕು. 8 ಶೇಕಡದ ಸ್ಟ್ರಾಂಗ್ ಬಿಯರಿನ 650 ಎಂಎಲ್ ಬಾಟಲಿ ಅಂಥ ನಾಲ್ಕು ಪೆಗ್ಗಿಗೆ ಸಮ. ‘ಬರೀ ಬಿಯರು ಡಾಕ್ಟ್ರೇ’ ಎನ್ನುವವರಿಗೆ ನಾನು ಈ ಗುಣಾಕಾರವನ್ನು ಚೀಟಿಯಲ್ಲಿ ಬರೆದು ಕೊಡುತ್ತೇನೆ.

ಪ್ರಶ್ನೆ: ಮಗನಿಗೆ 22, ನಾವು ಪೆರ್ಲದವರು. ಭಾನುವಾರ ಇಡೀ ಮಲಗುತ್ತಾನೆ, ಸೋಮವಾರ, ಮಂಗಳವಾರ ಸಿಡುಕು, ಊಟ ಬೇಡ. ಮೆಡಿಕಲ್ ಶಾಪಿನಿಂದ ಮೂತ್ರ ಪರೀಕ್ಷೆಯ ಕಿಟ್ ತಂದು ನೋಡಲೇ?

ಉತ್ತರ: ಬೇಡಮ್ಮ. ಎಂಡಿಎಂಎ ಮೂತ್ರದಲ್ಲಿ ಸಿಗುವುದು ಎರಡು-ನಾಲ್ಕು ದಿನ ಮಾತ್ರ. ಕಿಟ್ಟಿನಲ್ಲಿ ಏನೂ ಕಾಣಲಿಲ್ಲವೆಂದರೆ ಏನೂ ಇಲ್ಲವೆಂದಲ್ಲ, ಕಂಡರೂ ಲ್ಯಾಬಿನಲ್ಲಿ ಖಚಿತಪಡಿಸಬೇಕು. ಕದ್ದು ಪರೀಕ್ಷಿಸಿದ್ದು ತಿಳಿದರೆ ಇರುವ ಮಾತುಕತೆಯೂ ನಿಲ್ಲುತ್ತದೆ. ವಾರಾಂತ್ಯದ ಪುಡಿಯ ನಂತರ ಇಂಥ ಮಂಕು ಬರುವುದುಂಟು, ಆದರೆ ಖಿನ್ನತೆಯಲ್ಲೂ ಹೀಗೇ ಕಾಣುತ್ತದೆ. ಹಾಗಾಗಿ ನೀವಾಗಿಯೇ ತೀರ್ಮಾನಕ್ಕೆ ಬರಬೇಡಿ. ಕೇರಳ ಅಬಕಾರಿ ಇಲಾಖೆಯ ವ್ಯಸನಮುಕ್ತಿ ಯೋಜನೆ ವಿಮುಕ್ತಿಗೆ 14405, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸಕ್ಕೆ 14416, ಎರಡೂ ಉಚಿತ. ಟೆಲಿ ಮಾನಸದಲ್ಲಿ ಕನ್ನಡದಲ್ಲೂ ಮಾತಾಡಬಹುದು. ಮೊದಲು ನೀವೇ ಫೋನ್ ಮಾಡಿ, ಮಗ ಜೊತೆಗಿರಲೇಬೇಕೆಂದಿಲ್ಲ. ಅವನ ಹತ್ತಿರ ಗುರುವಾರವೋ ಶುಕ್ರವಾರವೋ ಮಾತಾಡಿ, ಅವನ ಅಪ್ಪ ಎದುರಿಗೆ ಇಲ್ಲದ ಹೊತ್ತಿನಲ್ಲಿ.