ಕ್ರಿಸ್‌ಮಸ್ ಗಿಡವಾ, ಸುಗಂಧರಾಜವಾ? 8×12 ಅಡಿ ಜಾಗದ ಬಗ್ಗೆ

ಮೇಡಂ, ಚಿಕ್ಕಬಳ್ಳಾಪುರದ 30×40 ಸೈಟು, ಪೂರ್ವದ ಬಾಗಿಲು, ಮನೆ ಮುಂದೆ 8×12 ಅಡಿ ಮಣ್ಣು, ಬೋರ್‌ವೆಲ್ ನೀರು ಅಂದಿದ್ದೀರಿ. ಕ್ರಿಸ್‌ಮಸ್ ಗಿಡ ನೆಡೋದಾ, ಸುಗಂಧರಾಜದ ಗೆಡ್ಡೆ ಹಾಕೋದಾ ಅನ್ನೋದು ನಿಮ್ಮ ಪ್ರಶ್ನೆ. ಮೇಲೆ ಒಬ್ಬರು ಎರಡೂ ಹಾಕಿ, ಮರದ ಬುಡದ ಸುತ್ತ ಗೆಡ್ಡೆ ಚೆನ್ನಾಗಿ ಕಾಣುತ್ತೆ ಅಂತ ಬರೆದಿದ್ದಾರೆ. ಅದೊಂದು ಮಾಡಬೇಡಿ. ನೆಲಕ್ಕೆ ಗೆಡ್ಡೆ ಹಾಕಿ, ಕ್ರಿಸ್‌ಮಸ್ ಗಿಡ ಬೇಕೇ ಬೇಕು ಅಂದ್ರೆ ಕುಂಡದಲ್ಲಿಡಿ.

ನರ್ಸರಿಯಲ್ಲಿ ಮೂರಡಿ ಗಿಡ ಮುದ್ದಾಗಿ ಕಾಣುತ್ತೆ. ಆದರೆ ಅದು ಅರೌಕೇರಿಯಾ, ದೊಡ್ಡ ಮರವಾಗುವ ಜಾತಿ. ಅದರಲ್ಲೇ ನಾರ್ಫೋಕ್ ಪೈನ್ ಅನ್ನೋ ಬಗೆ ಅಂತ ಹೆಸರು ಹೇಳಿ ಕೊಡೋದರಲ್ಲಿ ಎಷ್ಟೋ ಗಿಡ ನಿಜಕ್ಕೂ ನ್ಯೂ ಕ್ಯಾಲೆಡೋನಿಯಾ ದ್ವೀಪದ ಕುಕ್ ಪೈನ್ ಅನ್ನೋ ಇನ್ನೊಂದು ಬಗೆ. ಎಳೆಯದರಲ್ಲಿ ಎರಡನ್ನೂ ಬೇರೆ ಮಾಡೋದು ಕಷ್ಟ. ಕುಕ್ ಪೈನ್ ತನ್ನ ನಾಡಿನಲ್ಲಿ 50 ಮೀಟರ್ ದಾಟುತ್ತೆ. ನಮ್ಮಲ್ಲಿ ಅಷ್ಟು ಬೆಳೆಯದಿದ್ದರೂ ನೆಲಕ್ಕಿಟ್ಟರೆ ಎರಡಂತಸ್ತಿನ ಮನೆಯನ್ನು ಹಿಂದೆ ಹಾಕುತ್ತೆ. ಲಾಲ್‌ಬಾಗ್‌ಗೆ ಹೋದಾಗ ಅರೌಕೇರಿಯಾ ಮರದ ಬುಡದಲ್ಲಿ ನಿಂತು ತಲೆ ಎತ್ತಿ ನೋಡಿ, ನಿಮ್ಮ ಕಾಂಪೌಂಡಿನ ಅಳತೆ ತಾನಾಗೇ ನೆನಪಿಗೆ ಬರುತ್ತೆ. ಇನ್ನೊಂದು ವಿಚಿತ್ರ, ಈ ಕುಕ್ ಪೈನ್ ಸಮಭಾಜಕ ವೃತ್ತದ ಕಡೆಗೆ ವಾಲಿ ಬೆಳೆಯುವ ಜಾತಿ. ನಮ್ಮಲ್ಲಿ ಅಂದ್ರೆ ದಕ್ಷಿಣಕ್ಕೆ. ನಾವು 13 ಡಿಗ್ರಿ ಅಕ್ಷಾಂಶದಲ್ಲಿರೋದರಿಂದ ವಾಲು ಕಡಿಮೆ. ಆದರೂ ಗೋಡೆಯಿಂದ 15 ಅಡಿ ದೂರ ಇಲ್ಲದ ಕಡೆ, ಮೇಲೆ ಕರೆಂಟ್ ತಂತಿ ಇರುವ ಕಡೆ ನೆಡುವ ಮರ ಇದಲ್ಲ. ಎತ್ತರ ಜಾಸ್ತಿಯಾಯ್ತು ಅಂತ ತುದಿ ಕತ್ತರಿಸಿದರೆ ಆ ಗೋಪುರದ ಆಕಾರ ಹೋಯ್ತು ಅಂತಲೇ ಲೆಕ್ಕ. ಪಕ್ಕದ ಕೊಂಬೆ ಕತ್ತರಿಸಿ ಬೇರು ಬರಿಸಿದ ಗಿಡವಂತೂ ನೆಟ್ಟಗೆ ಏಳೋದೇ ಇಲ್ಲ, ಅಡ್ಡಡ್ಡ ಬೆಳೆಯುತ್ತೆ. ಕೊಳ್ಳುವಾಗ ನಡುಕಾಂಡದ ತುದಿ ಮುರಿದಿಲ್ಲ ಅಂತ ನೋಡಿಕೊಳ್ಳಿ.

ಕುಂಡ ಅಂದ್ರೆ 18 ಇಂಚು, ತಳದಲ್ಲಿ ಮೂರು ತೂತು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ. ಮೇಲಿನ ಒಂದಿಂಚು ಮಣ್ಣು ಒಣಗಿದ ಮೇಲೇ ನೀರು. ಪ್ಲಾಸ್ಟಿಕ್ ಚೀಲ ಬಿಚ್ಚಿದಾಗ ಬೇರು ತಳದಲ್ಲಿ ಚಕ್ಕುಲಿ ಥರ ಸುತ್ತಿಕೊಂಡಿದ್ದರೆ ಬೆರಳಿನಿಂದ ಮೆಲ್ಲಗೆ ಬಿಡಿಸಿ ಹರಡಿ. ಹಾಗೇ ಇಟ್ಟರೆ ಎರಡು ವರ್ಷ ಚೆನ್ನಾಗಿದ್ದು ಆಮೇಲೆ ಕೆಳಗಿನ ಕೊಂಬೆಗಳ ತಟ್ಟು ಒಣಗೋಕೆ ಶುರುವಾಗುತ್ತೆ. ಕುಂಡದ ಗಿಡದಲ್ಲಿ ಕೆಳತಟ್ಟು ಹೋದ ಮೇಲೆ ಅಲ್ಲಿ ಮತ್ತೆ ಚಿಗುರುತ್ತೆ ಅಂತ ಕಾಯಬೇಡಿ.

ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕುಂಡದ ಗಿಡ ಕೊಲ್ಲೋದು ಬಿಸಿಲಿಗಿಂತ ಹೆಚ್ಚಾಗಿ ಗಡಸು ನೀರು. ಕುಂಡದ ಅಂಚಿನಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಪಟ್ಟೆ ಕೂತರೆ ಅದು ಉಪ್ಪು. ಆರ್‌ಓ ಫಿಲ್ಟರಿನಿಂದ ಹೊರಬೀಳುವ ನೀರನ್ನು ವೇಸ್ಟ್ ಆಗಬಾರದು ಅಂತ ಗಿಡಕ್ಕೆ ಸುರಿಯುವವರು ತುಂಬಾ ಜನ. ಬೋರ್‌ವೆಲ್ ನೀರಿನಲ್ಲಿದ್ದ ಉಪ್ಪೆಲ್ಲ ಇನ್ನೂ ಗಟ್ಟಿಯಾಗಿ ಇರೋದು ಅದರಲ್ಲೇ! ಅದು ಬಾತ್‌ರೂಮ್ ತೊಳೆಯೋಕೆ ಸರಿ, ಕುಂಡಕ್ಕೆ ಬೇಡ. ತಿಂಗಳಿಗೊಮ್ಮೆ ತಳದ ತೂತಿನಿಂದ ಧಾರಾಳವಾಗಿ ಇಳಿದು ಹೋಗುವಷ್ಟು ಮಳೆನೀರು ಬಿಡಿ. ಮಳೆನೀರು ಇಲ್ಲದಾಗ ನಲ್ಲಿಯಲ್ಲಿ ಬರುವ ಸಿಹಿನೀರಾದರೂ ಆಗುತ್ತೆ.

ಇನ್ನು ಸುಗಂಧರಾಜ. ಪೂರ್ವದ ಬಿಸಿಲು ಮಧ್ಯಾಹ್ನದವರೆಗೆ ಬೀಳುತ್ತೆ ಅಂದ್ರೆ ಸಾಕು, ಆರು ಗಂಟೆಗಿಂತ ಕಮ್ಮಿ ಆದರೆ ಹೂ ಕಮ್ಮಿ. ಬಿಡಿ ಹೂವಿಗೆ, ಹಾರಕ್ಕೆ, ಪರಿಮಳಕ್ಕೆ ಒಂದೆಸಳಿನದು, ಅಂದ್ರೆ ಒಂದೇ ಸುತ್ತು ಎಸಳಿರೋದು ಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ಪ್ರಜ್ವಲ್, ಶೃಂಗಾರ್ ಒಂದೆಸಳಿನವು. ಪ್ರಜ್ವಲ್ ಮೊಗ್ಗಿನಲ್ಲಿ ತೆಳು ಗುಲಾಬಿ ಛಾಯೆ ಇರುತ್ತೆ, ಅರಳಿದ ಮೇಲೆ ಬಿಳಿ. ಸುವಾಸಿನಿ, ವೈಭವ್ ಸುತ್ತೆಸಳಿನವು, ಹೂದಾನಿಗೆ ಕಡ್ಡಿ ಸಮೇತ ಇಡೋಕೆ.

ಗೆಡ್ಡೆ ಸುಲಿದ ಅಡಿಕೆ ಗಾತ್ರಕ್ಕಿಂತ ಸಣ್ಣದಿರಬಾರದು, 2ರಿಂದ 3 ಸೆಂ.ಮೀ. ದಪ್ಪ ಇದ್ದರೆ ಒಳ್ಳೇದು. ಸಣ್ಣದು ಹಾಕಿದರೆ ಮೊದಲ ವರ್ಷ ಹುಲ್ಲಿನ ಹಾಗೆ ಎಲೆ ಅಷ್ಟೇ. ಬುಡವನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, ಮೆತ್ತಗಿದ್ದರೆ ಕೊಳೆತಿದೆ ಅಂತ ಅರ್ಥ. ಈಗಷ್ಟೇ ಕಿತ್ತ ಗೆಡ್ಡೆ ಕೊಟ್ಟರೆ ಒಂದು ತಿಂಗಳು ನೆರಳಲ್ಲಿ ಹರಡಿ ಇಟ್ಟು ಆಮೇಲೆ ನೆಡಿ.

ನಿಮ್ಮ ಜಾಗದಲ್ಲಿ 4×10 ಅಡಿ ಮಡಿ ಮಾಡಿ, ನೆಲಕ್ಕಿಂತ ಅರ್ಧ ಅಡಿ ಎತ್ತರ. ಒಂದಡಿ ಆಳ ಅಗೆದು 25 ಕೆ.ಜಿ. ಕಳಿತ ಗೊಬ್ಬರ, 1 ಕೆ.ಜಿ. ಬೇವಿನ ಹಿಂಡಿ ಬೆರೆಸಿ. ಹಸಿ ಸಗಣಿ ಗೊಬ್ಬರ ಬೇಡ, ಗೊಣ್ಣೆಹುಳು ಅದರ ಜೊತೆಗೇ ಬರುತ್ತೆ, ಗೆಡ್ಡೆಯ ಬೇರೆಲ್ಲ ತಿಂದು ಹಾಕುತ್ತೆ. ಸಾಲಿಂದ ಸಾಲಿಗೆ ಒಂದಡಿ, ಗೆಡ್ಡೆಯಿಂದ ಗೆಡ್ಡೆಗೆ ಮುಕ್ಕಾಲಡಿ, ಎರಡು ಇಂಚು ಆಳ. 50 ಗೆಡ್ಡೆ ಹಿಡಿಯುತ್ತೆ. ಜೂನ್, ಜುಲೈನಲ್ಲಿ ಹದ ಮಳೆಗೆ ನೆಟ್ಟರೆ ಮೂರು ತಿಂಗಳ ಹೊತ್ತಿಗೆ ಹೂವಿನ ಕಡ್ಡಿ ಕಾಣಿಸುತ್ತೆ. 17:17:17 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರೋ ರಸಗೊಬ್ಬರ) ವರ್ಷಕ್ಕೆ ಮೂರು ಸಲ, ಇಡೀ ಮಡಿಗೆ ಸಲಕ್ಕೆ 150 ಗ್ರಾಂ. ಯೂರಿಯಾ ಕೈಗೆ ಬಂದಷ್ಟು ಎರಚಿದರೆ ಎಲೆ ಸೊಂಪಾಗಿ ಬಂದು ಹೂ ಹಿಂದೆ ಬೀಳುತ್ತೆ.

ಒಂದು ಸಲ ಹೂ ಬಿಟ್ಟ ತಾಯಿಗೆಡ್ಡೆ ಮತ್ತೆ ಹೂ ಕೊಡಲ್ಲ, ಸುತ್ತ ಹುಟ್ಟಿದ ಮರಿಗೆಡ್ಡೆಗಳು ಕೊಡೋದು. ಮೂರನೇ ವರ್ಷಕ್ಕೆ ಮರಿಗಳು ಇಕ್ಕಟ್ಟಾಗಿ ಕಡ್ಡಿ ಸಣಕಲಾಗುತ್ತೆ. ಆಗ ಎಲ್ಲ ಕಿತ್ತು, ದಪ್ಪದ್ದು ಆರಿಸಿ ಹೊಸ ಮಣ್ಣಿಗೆ ಹಾಕಬೇಕು. ಮರದ ಬುಡದಲ್ಲಿ ಬೇಡ ಅಂದಿದ್ದು ಇದಕ್ಕೇ. ಮೂರು ವರ್ಷಕ್ಕೊಮ್ಮೆ ಅಗೆಯೋ ಜಾಗದಲ್ಲಿ ಮರದ ಬೇರು ಇದ್ದರೆ ಎರಡಕ್ಕೂ ಪೆಟ್ಟು, ನೆರಳು ಬೇರೆ.

ರೋಗದಲ್ಲಿ ಎರಡು ಮುಖ್ಯ. ಎಲೆ ಬುಡದಲ್ಲೇ ಕಳಚಿ ಬಿದ್ದು, ಮಣ್ಣಿನ ಮಟ್ಟದಲ್ಲಿ ಹತ್ತಿಯಂಥ ಬಿಳಿ ಎಳೆ, ಅದರ ಮಧ್ಯೆ ಸಾಸಿವೆ ಕಾಳಿನಷ್ಟು ಕಂದು ಗುಂಡು ಕಂಡರೆ ಬುಡಕೊಳೆ. ಆ ಗೆಡ್ಡೆಯನ್ನು ಸುತ್ತಲಿನ ಒಂದು ಬೊಗಸೆ ಮಣ್ಣಿನ ಸಮೇತ ತೆಗೆದು ಹೊರಗೆ ಹಾಕಿ, ಗೊಬ್ಬರದ ಗುಂಡಿಗಲ್ಲ. ನೀರು ನಿಲ್ಲೋ ಕಡೆ ಇದು ಜಾಸ್ತಿ, ಮಡಿ ಎತ್ತರಿಸೋಕೆ ಹೇಳಿದ್ದು ಅದಕ್ಕೆ. ಎರಡನೇದು ಬೇರುಗಂಟು ಜಂತು, ಬೇರಿನೊಳಗೆ ಸೇರೋ ಕಣ್ಣಿಗೆ ಕಾಣದಷ್ಟು ಸಣ್ಣ ಹುಳು. ಗಿಡ ಹಳದಿಯಾಗಿ ಕುಳ್ಳಾದರೆ ಒಂದು ಕಿತ್ತು ಬೇರು ನೋಡಿ, ರಾಗಿ ಕಾಳು ಪೋಣಿಸಿದ ಹಾಗೆ ಗಂಟು ಇರುತ್ತೆ. ನಮ್ಮ ಕಡೆ ಲೇಔಟಿಗೆ ಟ್ರ್ಯಾಕ್ಟರಿನಲ್ಲಿ ತರಿಸೋ ಕೆಂಪು ಮಣ್ಣು ಎಷ್ಟೋ ಸಲ ಟೊಮೇಟೊ ಹೊಲದ್ದು. ಟೊಮೇಟೊಗೆ ಬರೋ ಜಂತು ಇದಕ್ಕೂ ಬರುತ್ತೆ. ಮಣ್ಣು ಹಾಕಿಸುವ ಮುಂಚೆ ಅಲ್ಲಿ ಏನು ಬೆಳೀತಿದ್ದರು ಅಂತ ಒಂದು ಮಾತು ಕೇಳಿ. ಅನುಮಾನ ಇದ್ದರೆ ಮೊದಲು ಒಂದು ಬೆಳೆ ಚೆಂಡುಹೂ ಹಾಕಿ, ಮುಂದಿನ ಮುಂಗಾರಿಗೆ ಗೆಡ್ಡೆ. ಶೃಂಗಾರ್ ತಳಿ ಈ ಜಂತನ್ನು ಸ್ವಲ್ಪ ತಡೆದುಕೊಳ್ಳುತ್ತೆ.

ಹಾವು ಬರುತ್ತೆ ಅಂತ ಅಕ್ಕಪಕ್ಕದವರು ಹೇಳಬಹುದು. ಹಾವು ಬರೋದು ಇಲಿ, ಕಪ್ಪೆಗೆ, ಹೂವಿನ ವಾಸನೆಗಲ್ಲ. ಮಡಿಯ ಒಣ ಎಲೆ ತೆಗೀತಾ ಇರಿ ಸಾಕು.

ವರ್ಷವಿಡೀ ಹಸಿರಾಗಿ ನಿಂತಿರೋದು ನೆಲದಲ್ಲೇ ಬೇಕು ಅಂದ್ರೆ ಮಡಿಯ ಉತ್ತರದ ತುದಿಯಲ್ಲಿ, ಮಡಿಯಿಂದ ಎರಡಡಿ ಬಿಟ್ಟು, ಒಂದು ಮೋರ್‌ಪಂಖಿ (ಥೂಜಾ) ಹಾಕಿ, ಅದೂ ಕ್ರಿಸ್‌ಮಸ್ ಗಿಡದ ಹಾಗೆ ಸೂಚಿಪರ್ಣದ (ಕೋನಿಫರ್) ಗುಂಪಿನದೇ. ಹಸಿರು ಇರುವ ತುದಿಯನ್ನಷ್ಟೇ ಕತ್ತರಿಸ್ತಾ ಬಂದರೆ ಆಳೆತ್ತರದಲ್ಲಿ ನಿಲ್ಲಿಸಬಹುದು. ಒಳಗಿನ ಒಣ ಕಡ್ಡಿಯವರೆಗೆ ಕತ್ತರಿಸಿದರೆ ಅಲ್ಲಿ ಮತ್ತೆ ಚಿಗುರಲ್ಲ, ಬೋಳು ಹಾಗೇ ಉಳಿಯುತ್ತೆ.