ಪ್ರಳಯ ಆದಾಮನದ್ದಲ್ಲ ಸ್ವಾಮಿ

ಪತ್ರ: "ಮನು, ಆದಾಮ ಇಬ್ಬರೂ ಒಬ್ಬನೇ, ಎರಡೂ ಕಡೆ ಜಲಪ್ರಳಯ ಬರುತ್ತದಲ್ಲ ಎಂದು ನಮ್ಮಲ್ಲಿ ವಾದ ನಡೆದಿದೆ. ಮೊದಲ ಮನುಷ್ಯ ಯಾರೆಂದು ತಾವೇ ತೀರ್ಮಾನ ಹೇಳಬೇಕು." – ಓದುಗರೊಬ್ಬರು, ತೀರ್ಥಹಳ್ಳಿ ತಾಲೂಕು

ಉತ್ತರ: ಎಲ್ಲರನ್ನೂ ಒಂದೇ ವಂಶಕ್ಕೆ ಸೇರಿಸುವ ನಿಮ್ಮ ಆಸೆ ಒಳ್ಳೆಯದೇ. ಆದರೆ ಪ್ರಳಯ ನೋಹನದ್ದು. ಬೈಬಲ್ಲಿನ ವಂಶಾವಳಿಯಲ್ಲಿ ಆದಾಮನಿಂದ ಎಣಿಸಿದರೆ ಅವನು ಹತ್ತನೆಯವನು. ಇತ್ತ ಪುರಾಣದ ಲೆಕ್ಕದಲ್ಲಿ ಮೊದಲ ಮನು ಸ್ವಾಯಂಭುವ, ಪ್ರಳಯ ದಾಟಿದವನು ಏಳನೆಯ ವೈವಸ್ವತ. ಶತಪಥ ಬ್ರಾಹ್ಮಣದ ಮನುವಿಗೆ ಕೈ ತೊಳೆಯುವ ನೀರಿನಲ್ಲಿ ಮೀನು ಸಿಕ್ಕಿತು. ಮೊದಲು ಕೊಡದಲ್ಲಿ ಸಾಕಿದ, ಬೆಳೆದಾಗ ಗುಂಡಿಗೆ ಬಿಟ್ಟ, ಆಮೇಲೆ ಸಮುದ್ರಕ್ಕೆ. ಪ್ರಳಯ ಬಂದಾಗ ಆ ಮೀನೇ ಅವನ ದೋಣಿ ಎಳೆದು ಕಾಪಾಡಿತು. ನೀರಿಳಿದ ಮೇಲೆ ತುಪ್ಪ, ಮೊಸರುಗಳನ್ನು ನೀರಿಗೇ ಆಹುತಿ ಕೊಟ್ಟ; ವರ್ಷಕ್ಕೆ ಅದರಿಂದ ಹೆಣ್ಣೊಬ್ಬಳು ಎದ್ದುಬಂದಳು, ಅವಳ ಹೆಜ್ಜೆಯಲ್ಲಿ ತುಪ್ಪ ನಿಲ್ಲುತ್ತಿತ್ತು. ಆದಾಮನ ಪಕ್ಕೆಲುಬಿನಿಂದ ಬಂದ ಹವ್ವಳಿಗೂ ಇವಳಿಗೂ ಎಲ್ಲಿಯ ನಂಟು?

ಜೈನ ಕ್ಷೇತ್ರ ಹೊಂಬುಜದ ಮಗ್ಗುಲಲ್ಲೇ ಇದ್ದುಕೊಂಡು ಜೈನರನ್ನು ಮರೆತಿರಲ್ಲ, ಅದು ನನಗೆ ಹೆಚ್ಚಿನ ಬೇಸರ. ಅವರಲ್ಲಿ ಕಾಲಕ್ಕೇ ಆದಿಯಿಲ್ಲ, ಹಾಗಾಗಿ ಮೊದಲ ಮನುಷ್ಯನೂ ಇಲ್ಲ. ಇರುವವರು ಹದಿನಾಲ್ಕು ಕುಲಕರರು, ಅಂದರೆ ಜನಕ್ಕೆ ಬದುಕುವ ದಾರಿ ಕಲಿಸಿದ ಹಿರಿಯರು. ಜಿನಸೇನರ ಸಂಸ್ಕೃತ ಆದಿಪುರಾಣದಲ್ಲಿ, ಬೆಳಕು ಕೊಡುತ್ತಿದ್ದ ಕಲ್ಪವೃಕ್ಷಗಳು ಮಂಕಾಗಿ, ಆಷಾಢ ಹುಣ್ಣಿಮೆಯ ಸಂಜೆ ಸೂರ್ಯ ಚಂದ್ರ ಒಟ್ಟಿಗೇ ಕಂಡು ಜನ ಬೆದರುತ್ತಾರೆ. (ಆಗುಂಬೆಯಲ್ಲಾಗಿದ್ದರೆ ಆ ತಿಂಗಳು ಎರಡೂ ಕಾಣದೆ ಬಚಾವಾಗುತ್ತಿದ್ದರು.) ಧೈರ್ಯ ಹೇಳಿದವನು ಮೊದಲ ಕುಲಕರ ಪ್ರತಿಶ್ರುತಿ. ಕೊನೆಯ ನಾಭಿರಾಜ ಹೊಕ್ಕುಳಬಳ್ಳಿ ಕತ್ತರಿಸುವುದನ್ನು ಕಲಿಸಿದ. ತಪ್ಪಿಗೆ ಶಿಕ್ಷೆಯೋ? ಮೊದಲ ಐವರ ಕಾಲಕ್ಕೆ 'ಹಾ' (ಅಯ್ಯೋ) ಅಂದರೆ ಸಾಕಿತ್ತು, ಮುಂದಿನ ಐವರ ಕಾಲಕ್ಕೆ 'ಮಾ' (ಬೇಡ) ಸೇರಿತು, ಆಮೇಲೆ 'ಧಿಕ್' (ಛೀ) ಕೂಡ ಬೇಕಾಯಿತು.

ನಾಭಿಯ ಮಗ, ಮೊದಲ ತೀರ್ಥಂಕರ ವೃಷಭನಾಥನ ಕಥೆಯನ್ನು ಜೈನರ ಶ್ವೇತಾಂಬರ ಪಂಗಡದವರು ಹೇಳುವ ಬಗೆ ಇನ್ನೂ ಸೊಗಸು. ಹಸಿ ಕಾಳು ಜೀರ್ಣವಾಗದು ಎಂದು ಜನ ಬಂದರು. ಉಜ್ಜಿ ಹೊಟ್ಟು ತೆಗೆಯಿರಿ ಎಂದ, ಸಾಲಲಿಲ್ಲ. ನೆನೆಹಾಕಿ ಎಂದ, ಕಂಕುಳಲ್ಲಿಟ್ಟು ಬಿಸಿ ಮಾಡಿ ಎಂದ. ಆಗಲೂ ಹೊಟ್ಟೆನೋವು ಹೋಗಲಿಲ್ಲ. ಅಷ್ಟರಲ್ಲಿ ಮರಕ್ಕೆ ಮರ ತಿಕ್ಕಿ ಬೆಂಕಿ ಹುಟ್ಟಿತು. ಅದರಲ್ಲಿ ಬೇಯಿಸಿ ಎಂದರೆ, ಕಾಳನ್ನೇ ಬೆಂಕಿಗೆ ಸುರಿದು, 'ಎಲ್ಲ ಅದೇ ತಿಂದಿತು, ನಮಗೆ ಒಂದೂ ಕೊಡಲಿಲ್ಲ' ಎಂದು ದೂರು ತಂದರು! ಆನೆ ಮೇಲಿದ್ದ ವೃಷಭ ಹಸಿ ಮಣ್ಣು ತರಿಸಿ, ಆನೆಯ ಕುಂಭಸ್ಥಳದ (ತಲೆಯ ಉಬ್ಬಿನ) ಮೇಲೆ ತಟ್ಟಿ, ಅದೇ ಆಕಾರಕ್ಕೆ ಪಾತ್ರೆ ಮಾಡಿ ತೋರಿಸಿದ. ಎಲ್ಲ ಕಸುಬಿಗಿಂತ ಮೊದಲು ಬಂದದ್ದು ಕುಂಬಾರಿಕೆ.

ಇದೇ ವೃಷಭನ ಕಥೆಯನ್ನು ಕನ್ನಡಕ್ಕೆ ತಂದ ಪಂಪ ತನ್ನ ಆದಿಪುರಾಣ ಬರೆದು ಮುಗಿಸಿದ್ದು 941ರಲ್ಲಿ. ನಮ್ಮ ಮಕ್ಕಳಿಗೆ ಅದರಿಂದ ಪರೀಕ್ಷೆಗೆ ಬೇಕಾದಷ್ಟು ತುಣುಕು, ಹೆಚ್ಚೆಂದರೆ ಭರತ ಬಾಹುಬಲಿಯರ ಕಾಳಗ. ಹೊಂಬುಜಕ್ಕೆ ಹೋದವರೂ ಪದ್ಮಾವತಿಗೆ ಹರಕೆ ತೀರಿಸಿ, ಊಟ ಮುಗಿಸಿ ಗಾಡಿ ಹತ್ತುತ್ತಾರೆ. 1077ರ ಪಂಚಕೂಟ ಬಸದಿಗೆ ಹೆಜ್ಜೆ ಇಡುವವರು ಎಷ್ಟು ಜನ? ಮೊಬೈಲಿನಲ್ಲಿ ಬಂದದ್ದನ್ನು ಮುಂದಕ್ಕೆ ತಳ್ಳುವುದರಲ್ಲಿ ಮಾತ್ರ ನಾವೆಲ್ಲ ಪಂಡಿತರು. ಮುಂದಿನ ಸಲ ವಾದ ಹತ್ತಿಕೊಂಡಾಗ ಯಾವ ಗ್ರಂಥ, ಎಷ್ಟನೆಯ ಅಧ್ಯಾಯ ಎಂದು ಕೇಳಿ. ಅರ್ಧ ಜನ ಟೀ ಹೇಳಲು ಎದ್ದುಹೋಗುತ್ತಾರೆ. ಉಳಿದವರ ಜೊತೆ ಮಾತು ಮುಂದುವರಿಸಿ.